280 ಓಟಿನ ಅಟಾರ್ನಿ ಜನರಲ್

ನಾಲ್ಕು ವರ್ಷಕ್ಕೊಮ್ಮೆ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನ ನನ್ನ ವಕೀಲಿ ಆಫೀಸಿಗೆ ಕನ್ನಡದವರ ಫೋನು ಜಾಸ್ತಿ. ಕೇಸಿನ ವಿಷಯಕ್ಕಲ್ಲ. ಅಂಚೆಯಲ್ಲಿ ಬ್ಯಾಲಟ್ ಬಂದಿರುತ್ತದೆ, ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತಿರುತ್ತಾರೆ. "ಮೇಡಂ, ಗವರ್ನರ್‌ಗೆ ಹಾಕಿ ಆಯ್ತು. ಈ ಅಟಾರ್ನಿ ಜನರಲ್ ಏನು? ಸುಮ್ನೆ ಖಾಲಿ ಬಿಡ್ಲಾ?"

ಬಿಡಬೇಡಿ ಅನ್ನುತ್ತೇನೆ. ಯಾರಿಗೆ ಹಾಕಿ ಅಂತ ಮಾತ್ರ ಹೇಳುವುದಿಲ್ಲ.

ಊರಿನಿಂದ ಬಂದವರಿಗೆ ಗೊಂದಲ ಆಗುವುದು ಸಹಜ. ಕರ್ನಾಟಕದಲ್ಲಿ ಇಂಥದೇ ಹುದ್ದೆಯ, ಅಂದರೆ ಸರ್ಕಾರದ ಪರ ಕೋರ್ಟಿನಲ್ಲಿ ನಿಲ್ಲುವ ಅಡ್ವೊಕೇಟ್ ಜನರಲ್ ಅವರನ್ನು ಸಂವಿಧಾನದ 165ನೇ ವಿಧಿಯಡಿ ರಾಜ್ಯಪಾಲರು ನೇಮಿಸುತ್ತಾರೆ, ಅಂದರೆ ಸರ್ಕಾರವೇ ಆರಿಸುತ್ತದೆ. ಸರ್ಕಾರ ಬದಲಾದರೆ ಸಾಮಾನ್ಯವಾಗಿ ಅವರೂ ಬದಲಾಗುತ್ತಾರೆ. ಅಮೆರಿಕದ 43 ರಾಜ್ಯಗಳಲ್ಲಿ ಈ ಹುದ್ದೆಗೆ ಜನರೇ ನೇರವಾಗಿ ಓಟು ಹಾಕುತ್ತಾರೆ. ಗವರ್ನರ್ ಒಂದು ಪಕ್ಷ, ಇವರು ಇನ್ನೊಂದು ಪಕ್ಷ ಆಗಬಹುದು, ಇಬ್ಬರಿಗೂ ಮಾತೇ ಬಿಟ್ಟುಹೋಗಿರಬಹುದು, ಆದರೂ ಗವರ್ನರ್ ಇವರನ್ನು ಮನೆಗೆ ಕಳಿಸುವ ಹಾಗಿಲ್ಲ.

ಇವರು ರಾಜ್ಯದ ವಕೀಲರು. ನಿಮ್ಮ ವಕೀಲರಲ್ಲ. ಇದು ಗೊತ್ತಿಲ್ಲದೆ ಪೆಟ್ಟು ತಿಂದವರನ್ನು ನೋಡಿದ್ದೇನೆ. ಒಬ್ಬರು ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದರು, ಮೀಟರ್ ಹಿಂದಕ್ಕೆ ತಿರುಗಿಸಿದ್ದು ಆಮೇಲೆ ತಿಳಿಯಿತು. ಅಟಾರ್ನಿ ಜನರಲ್ ಆಫೀಸಿಗೆ ದೂರಿನ ಫಾರಂ ತುಂಬಿ ಕಳಿಸಿದರು, "ಇನ್ನು ಅವರೇ ಕೇಸು ನಡೆಸ್ತಾರೆ ಅಲ್ವಾ" ಅಂತ ನೆಮ್ಮದಿಯಾಗಿ ಕೂತರು. ನನ್ನ ಹತ್ತಿರ ಬಂದಾಗ ಹನ್ನೊಂದನೇ ತಿಂಗಳು. ಅರಿಜೋನಾದ ಗ್ರಾಹಕ ವಂಚನೆ ಕಾನೂನಿನಡಿ ನೀವೇ ಕೇಸು ಹಾಕಲು ಸಿಗುವುದು ಒಂದೇ ವರ್ಷ. ಆ ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ ಬಿಡಿ.

ಹಾಗಂತ ದೂರು ಕೊಡುವುದು ದಂಡ ಅಂದುಕೊಳ್ಳಬೇಡಿ. ಒಂದೇ ಅಂಗಡಿಯ ಮೇಲೆ ಐವತ್ತು ದೂರು ಬಿದ್ದರೆ ಅವರು ರಾಜ್ಯದ ಹೆಸರಿನಲ್ಲಿ ಕೋರ್ಟಿಗೆ ಹೋಗಬಹುದು. ದೊಡ್ಡವರ ಮೇಲೂ ಹೋಗುತ್ತಾರೆ. ಫೋನಿನ ಲೊಕೇಶನ್ ಮಾಹಿತಿ ಸಂಗ್ರಹಿಸುವ ವಿಷಯದಲ್ಲಿ ಆಗಿನ ಅಟಾರ್ನಿ ಜನರಲ್ ಮಾರ್ಕ್ ಬ್ರ್ನೊವಿಚ್ 2020ರಲ್ಲಿ ಗೂಗಲ್ ಮೇಲೆ ಇದೇ ಗ್ರಾಹಕ ಕಾನೂನಿನಡಿ ಕೇಸು ಹಾಕಿದರು, 2022ರಲ್ಲಿ 8.5 ಕೋಟಿ ಡಾಲರಿಗೆ ರಾಜಿಯಾಯಿತು.

ಇನ್ನೊಂದು ಅಧಿಕಾರ ಇದೆ, ಅದು ಜನರ ಕಣ್ಣಿಗೆ ಬೀಳುವುದಿಲ್ಲ. ಯಾವ ಕೇಸು ನಡೆಸಬಾರದು ಅನ್ನುವುದು. 2024ರ ಏಪ್ರಿಲ್‌ನಲ್ಲಿ ಅರಿಜೋನಾ ರಾಜ್ಯದ ಸುಪ್ರೀಂ ಕೋರ್ಟ್ 1864ರ ಗರ್ಭಪಾತ ನಿಷೇಧ ಕಾನೂನನ್ನು ಜಾರಿ ಮಾಡಬಹುದು ಅಂದಿತು. ಅರಿಜೋನಾ ರಾಜ್ಯವೇ ಆಗಿದ್ದು 1912ರಲ್ಲಿ, ಕಾನೂನು ಅದಕ್ಕಿಂತ ಹಳೆಯದು! ಅಟಾರ್ನಿ ಜನರಲ್ ಕ್ರಿಸ್ ಮೇಯ್ಸ್ ತಮ್ಮ ಕಾಲದಲ್ಲಿ ಇದರಡಿ ಯಾವ ಡಾಕ್ಟರ ಮೇಲೂ ಕೇಸು ನಡೆಯುವುದಿಲ್ಲ ಎಂದು ಹೇಳಿಬಿಟ್ಟರು. ಮುಂದಿನ ತಿಂಗಳು ಶಾಸಕರು ಆ ಕಾನೂನನ್ನೇ ರದ್ದು ಮಾಡಿದರು. ಅದು ಸರಿಯೋ ತಪ್ಪೋ, ಆ ಕುರ್ಚಿಯಲ್ಲಿ ಬೇರೆಯವರಿದ್ದಿದ್ದರೆ ಬೇರೆ ಮಾತೇ ಬರುತ್ತಿತ್ತು.

ಬೇರೆಯವರು ಇರಬಹುದಿತ್ತು ಕೂಡ. 2022ರ ಚುನಾವಣೆಯಲ್ಲಿ ಡೆಮಾಕ್ರಟ್ ಮೇಯ್ಸ್ ರಿಪಬ್ಲಿಕನ್ ಏಬ್ ಹಮಾದೆಗಿಂತ 511 ಓಟು ಮುಂದಿದ್ದರು. ಅಂತರ ಶೇಕಡಾ ಅರ್ಧಕ್ಕಿಂತ ಕಡಿಮೆ ಇದ್ದರೆ ಇಲ್ಲಿ ಮರು ಎಣಿಕೆ ಕಡ್ಡಾಯ. ಮತ್ತೆ ಎಣಿಸಿದಾಗ ಪಿನಾಲ್ ಕೌಂಟಿಯಲ್ಲಿ ಸುಮಾರು 500 ಓಟು ಮೊದಲ ಲೆಕ್ಕದಲ್ಲಿ ಬಿಟ್ಟುಹೋಗಿದ್ದು ಸಿಕ್ಕಿತು, ಅಂತರ 280ಕ್ಕೆ ಇಳಿಯಿತು. ಬಿದ್ದ ಓಟು 25 ಲಕ್ಷಕ್ಕೂ ಮೇಲೆ! ಅದೇ ದಿನ ಗವರ್ನರ್ ಹುದ್ದೆಗೆ ಬಿದ್ದ ಓಟಿಗೆ ಹೋಲಿಸಿದರೆ ಇಲ್ಲಿ ಸುಮಾರು 49 ಸಾವಿರ ಕಡಿಮೆ. "ಸುಮ್ನೆ ಖಾಲಿ ಬಿಡ್ಲಾ" ಅಂತ ನನ್ನನ್ನು ಕೇಳದೆಯೇ ಬಿಟ್ಟವರು ಇವರೇ.

ಲಕೋಟೆ ಮೇಲೆ ಸಹಿ ಹಾಕಲು ಮರೆಯಬೇಡಿ. ಹಾಂ, ಅದೇ ಬ್ಯಾಲಟ್‌ನಲ್ಲಿ ಗಣಿ ಇನ್ಸ್‌ಪೆಕ್ಟರ್ ಹುದ್ದೆಗೂ ಓಟು ಇರುತ್ತದೆ. ಅದರ ಬಗ್ಗೆ ದಯವಿಟ್ಟು ನನಗೆ ಫೋನ್ ಮಾಡಬೇಡಿ.