ಪಾಲಿಗನ್ ಅಂದರೆ ಏನು?

ವಿಡಿಯೋ ಗೇಮ್ ಗ್ರಾಫಿಕ್ಸ್ ಬಗ್ಗೆ ಮಾತಾಡುವಾಗ ಪಾಲಿಗನ್ ಅನ್ನುವ ಪದ ಬಂದೇ ಬರುತ್ತದೆ. ಶಾಲೆಯಲ್ಲಿ ಬಹುಭುಜ ಅಂತ ಓದಿದ್ದೆವಲ್ಲ, ಅದೇ. ಗೇಮ್‌ಗಳಲ್ಲಿ ಅದು ಹೆಚ್ಚಾಗಿ ತ್ರಿಕೋನ. ಪರದೆ ಮೇಲಿನ ಮನುಷ್ಯ, ಕಾರು, ಮರ ಎಲ್ಲವೂ ತ್ರಿಕೋನಗಳನ್ನು ಅಂಚಿಗೆ ಅಂಚು ಸೇರಿಸಿ ಮಾಡಿದ ಪೊಳ್ಳು ಗೊಂಬೆಗಳು. ಅದರ ಮೇಲೆ ಬಣ್ಣದ ಕಾಗದದಂತೆ ಅಂಟಿಸುವ ಚಿತ್ರವೇ ಟೆಕ್ಸ್ಚರ್.

ತ್ರಿಕೋನವೇ ಯಾಕೆ? ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಅಲುಗಾಡುವುದಿಲ್ಲ, ನಾಲ್ಕು ಕಾಲಿನದು ಅಲುಗಾಡಬಹುದು. ಹಾಗೆಯೇ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಕೂರುತ್ತವೆ. ಯಂತ್ರಕ್ಕೆ ಲೆಕ್ಕ ಸುಲಭ.

ಮನೆಯ ಕನ್ಸೋಲ್‌ಗಳಲ್ಲಿ (ಟೀವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳಲ್ಲಿ) ಮೊದಲು ಇದೆಲ್ಲ ಇರಲಿಲ್ಲ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್, ಪಿಕ್ಸೆಲ್‌ಗಳ (ಪರದೆಯ ಬಣ್ಣದ ಚುಕ್ಕಿಗಳ) ಪುಟ್ಟ ಚೌಕಗಳನ್ನು ಜೋಡಿಸಿ ಚಿತ್ರ ಮಾಡುತ್ತಿತ್ತು. 90ರ ದಶಕದಲ್ಲಿ ನಮ್ಮಲ್ಲಿ ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದವು ಬಹುಪಾಲು ಅದರ ನಕಲುಗಳೇ.

1994ರ ಕೊನೆಗೆ ಸೋನಿಯ ಪ್ಲೇಸ್ಟೇಷನ್ ಬಂತು. ನನಗೆ ತುಂಬಾ ಇಷ್ಟದ ಕಾಲ ಇದು. ಮುಖ್ಯ ಮೆಮೊರಿ ಬರೀ 2 ಎಂಬಿ! ತ್ರಿಕೋನಗಳನ್ನು ಎಣಿಸಿ ಎಣಿಸಿ ಖರ್ಚು ಮಾಡಬೇಕಿತ್ತು. ಚಕ್ರಕ್ಕೆ ಮೂಲೆಗಳಿರುತ್ತಿದ್ದವು. ಬೆರಳುಗಳು ಬಿಡಿಬಿಡಿಯಾಗಿರದೆ ಕೈ ಒಂದು ಮುದ್ದೆಯಾಗಿರುತ್ತಿತ್ತು. ತ್ರಿಕೋನದ ಮೂಲೆಗಳು ಇಡೀ ಪಿಕ್ಸೆಲ್‌ನಿಂದ ಇಡೀ ಪಿಕ್ಸೆಲ್‌ಗೇ ನೆಗೆಯುತ್ತಿದ್ದರಿಂದ ನಡೆಯುವಾಗ ಗೋಡೆಗಳು ನಡುಗಿದಂತೆ ಕಾಣುತ್ತಿತ್ತು. 1999ರ ಸೈಲೆಂಟ್ ಹಿಲ್ ಎಂಬ ಹೆದರಿಸುವ ಆಟ ಮಾಡಿದ ತಂಡಕ್ಕೂ ಯಂತ್ರದ ಶಕ್ತಿ ಸಾಲದ ಇದೇ ಕಷ್ಟ. ದೂರದ ಮನೆ, ರಸ್ತೆಗಳನ್ನೆಲ್ಲ ಒಟ್ಟಿಗೆ ತೋರಿಸುವ ಶಕ್ತಿ ಯಂತ್ರಕ್ಕಿರಲಿಲ್ಲ. ಅವರು ಆಟದೊಳಗಿನ ಊರನ್ನೇ ಮಂಜಿನಲ್ಲಿ ಮುಳುಗಿಸಿದರು. ಆಡುವವರನ್ನು ಹೆದರಿಸಿದ್ದೂ ಆ ಮಂಜೇ. ಇಂಥ ಜಾಣತನ ಕಂಡಾಗ ಈಗಲೂ ಖುಷಿಯಾಗುತ್ತದೆ.

ಆಮೇಲೆ ಮೆಮೊರಿ ಏರುತ್ತಾ ಹೋಯಿತು. 2000ದ ಪ್ಲೇಸ್ಟೇಷನ್ 2ರಲ್ಲಿ 32 ಎಂಬಿ, 2013ರ ಪ್ಲೇಸ್ಟೇಷನ್ 4ರಲ್ಲಿ 8 ಜಿಬಿ. ಆದರೂ ಹೊಸ ಕನ್ಸೋಲ್ ಬಂದಾಗ ಮೊದಲಿನಷ್ಟು ಬೆರಗಾಗುವುದಿಲ್ಲ, ಅಲ್ವಾ? ಕಾರಣ ಸರಳ. ಆರು ಮೂಲೆಯ ಚಕ್ರವನ್ನು ಹನ್ನೆರಡು ಮೂಲೆಯದಾಗಿಸಿದರೆ ಯಾರಿಗಾದರೂ ಗೊತ್ತಾಗುತ್ತದೆ. 60ನ್ನು 120 ಮಾಡಿದರೆ? ಎರಡೂ ದುಂಡಗೇ ಕಾಣುತ್ತವೆ. ಖರ್ಚು ಮಾತ್ರ ಎರಡರಷ್ಟು.

ಹಾಗಾಗಿ ಈಗ ಜಾಸ್ತಿ ಶಕ್ತಿ ಬೆಳಕಿನ ಕಡೆಗೆ ಹೋಗುತ್ತಿದೆ. 2020ರ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ರೇ ಟ್ರೇಸಿಂಗ್ ಇದೆ. ಬೆಳಕಿನ ಕಿರಣ ಎಲ್ಲಿಗೆ ಬಡಿದು ಎತ್ತ ತಿರುಗುತ್ತದೆ ಅಂತ ಲೆಕ್ಕ ಹಾಕುವ ವಿಧಾನ ಅದು. ರಸ್ತೆಯ ನೀರಿನಲ್ಲಿ ಅಂಗಡಿಯ ದೀಪ ಸರಿಯಾಗಿ ಹೊಳೆಯುವುದು ಅದರಿಂದಲೇ.

ಒಂದು ಆಟದಲ್ಲಿ ಪಾಲಿಗನ್ ಕಡಿಮೆಯೋ ಜಾಸ್ತಿಯೋ ಅಂತ ತಿಳಿಯಬೇಕೆ? ಪಾತ್ರದ ಮುಖ ನೋಡಬೇಡಿ, ಅಲ್ಲಿ ಟೆಕ್ಸ್ಚರ್ ಎಷ್ಟೋ ಮುಚ್ಚಿಬಿಡುತ್ತದೆ. ತಲೆಯ ಅಂಚು, ಭುಜದ ಅಂಚು ನೋಡಿ. ಪಾಲಿಗನ್ ಕಡಿಮೆಯಿದ್ದರೆ ಅಲ್ಲಿ ಮೂಲೆಗಳು ಕಂಡೇ ಕಾಣುತ್ತವೆ.