240 ನಿಮಿಷಗಳ ಲೆಕ್ಕ: ಪ್ಲೇಆಫ್ ಹಂತದಲ್ಲಿ ಬೆಂಚ್ ಮತ್ತು ರೊಟೇಷನ್

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ ಸರಣಿ ನಡೆಯುವುದು ಜೂನ್ ತಿಂಗಳಲ್ಲಿ. ಅಲ್ಲಿಯ ರಾತ್ರಿಯ ಪಂದ್ಯ ನಮಗೆ ಬೆಳಗಿನ 6 ಗಂಟೆಯ ಆಸುಪಾಸಿಗೆ ಶುರುವಾಗುತ್ತದೆ. ಶಿರಸಿಯಲ್ಲಿ ಆ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆದರೂ ನಾವು ನಾಲ್ಕೈದು ಜನ ಒಂದು ಮನೆಯಲ್ಲಿ ಸೇರಿ ಪಂದ್ಯ ನೋಡುತ್ತೇವೆ. ಆಟ ಮುಗಿದು ಎರಡನೇ ಸಲದ ಚಹಾ ಬರುವ ಹೊತ್ತಿಗೆ ಒಂದೇ ವಾದ ಮತ್ತೆ ಮತ್ತೆ ಏಳುತ್ತದೆ. "ಮಾರಾಯ್ರೇ, ಬೆಂಚಿನ ಆ ಹುಡುಗನನ್ನು ಇನ್ನು ಹತ್ತು ನಿಮಿಷ ಆಡಿಸಿದ್ದರೆ ಗೆಲ್ಲುತ್ತಿದ್ದರು" ಎಂದು ಒಬ್ಬರು ಹೇಳಿದರೆ, "ಆ ಹತ್ತು ನಿಮಿಷವನ್ನು ಯಾರಿಂದ ಕೀಳುತ್ತೀರಿ?" ಎಂದು ಇನ್ನೊಬ್ಬರು ಕೇಳುತ್ತಾರೆ. ಈ ಎರಡನೇ ಪ್ರಶ್ನೆಯೇ ರೊಟೇಷನ್ನಿನ, ಅಂದರೆ ಯಾರನ್ನು ಎಷ್ಟು ಹೊತ್ತು ಆಡಿಸಬೇಕೆಂಬ ಹಂಚಿಕೆಯ, ಪಾಠ ಎಂಬುದು ನನ್ನ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ಎನ್‌ಬಿಎ ಪಂದ್ಯದ ಅವಧಿ 48 ನಿಮಿಷ; ಅಂಕಣದಲ್ಲಿ ಐವರು ಇರುವುದರಿಂದ ಕೋಚ್ ಹಂಚಬೇಕಾದದ್ದು ಒಟ್ಟು 240 ನಿಮಿಷ. ಆರಂಭದ ಐವರೂ ತಲಾ 36 ನಿಮಿಷ ಆಡಿದರೆ ಬೆಂಚಿಗೆ 60 ನಿಮಿಷ ಉಳಿಯುತ್ತದೆ. ತಲಾ 40 ಆಡಿದರೆ ಉಳಿಯುವುದು 40 ಮಾತ್ರ. ಅದನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬನಿಗೆ ಹದಿಮೂರು ಚಿಲ್ಲರೆ ನಿಮಿಷ. ಹಾಗಾಗಿ "ಇನ್ನು ಹತ್ತು ನಿಮಿಷ" ಎಂಬುದು ಸಣ್ಣ ಬೇಡಿಕೆಯಲ್ಲ; ಅದು ಇಡೀ ಬೆಂಚಿನ ಪಾಲಿನ ಕಾಲು ಭಾಗ. ನಮ್ಮ ಕಾಲೇಜು ಪಂದ್ಯಗಳು ನಡೆಯುವ ಅಂತರರಾಷ್ಟ್ರೀಯ ನಿಯಮದಲ್ಲಿ ಅವಧಿ 40 ನಿಮಿಷ, ಒಟ್ಟು 200. ಅಲ್ಲಿ ಐದು ಫೌಲಿಗೆ ಆಟಗಾರ ಹೊರಗೆ, ಎನ್‌ಬಿಎಯಲ್ಲಿ ಆರಕ್ಕೆ. ಈ ಎರಡನ್ನು ಬೆರೆಸಿ ಲೆಕ್ಕ ಹಾಕಬಾರದು.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಆಟ ವಾಲಿಬಾಲ್. ಅಲ್ಲಿ ಒಂದು ಸೆಟ್ಟಿಗೆ ಆರು ಬದಲಾವಣೆಗಳ ಮಿತಿಯಿದೆ. ಹೊರಬಂದ ಆಟಗಾರ ಅದೇ ಸೆಟ್ಟಿನಲ್ಲಿ ಒಮ್ಮೆ ಮಾತ್ರ ತನ್ನ ಜಾಗಕ್ಕೆ ಮರಳಬಹುದು. ಬ್ಯಾಸ್ಕೆಟ್‌ಬಾಲಿನಲ್ಲಿ ಅಂಥ ಮಿತಿ ಇಲ್ಲ, ಆಟ ನಿಂತಾಗಲೆಲ್ಲ ಬದಲಿಸಬಹುದು. ಆದ್ದರಿಂದ ಬೆಂಚಿನವರನ್ನು ಕೇವಲ ಬದಲಿ ಆಟಗಾರರೆಂದು ತಿಳಿಯುವುದು ತಪ್ಪು. ಅವರದು ಪಾಳಿಯ ಕೆಲಸ. ರಾತ್ರಿಯಿಡೀ ನಡೆಯುವ ಬಯಲಾಟದಲ್ಲಿ ಮುಖ್ಯ ಭಾಗವತರು ತಾಳ ಹಿಡಿದು ಕೂರುವುದು ಹೊತ್ತು ಸರಿದ ಮೇಲೆಯೇ, ಅದಕ್ಕಾಗಿ ಅವರನ್ನು ಯಾರೂ ಎರಡನೆಯವರೆನ್ನುವುದಿಲ್ಲ. ಬಾಸ್ಟನ್ ಸೆಲ್ಟಿಕ್ಸ್ ಕೋಚ್ ರೆಡ್ ಆವರ್‌ಬ್ಯಾಕ್ ಫ್ರಾಂಕ್ ರಾಮ್ಸೆಯನ್ನೂ ಅನಂತರ ಜಾನ್ ಹ್ಯಾವ್ಲಿಚೆಕ್‌ನನ್ನೂ ಬೇಕೆಂದೇ ಆರನೆಯವನಾಗಿ ಇಳಿಸುತ್ತಿದ್ದುದು ಇಂಥದೇ ಎಣಿಕೆಯಿಂದ. 1982–83ರ ಋತುವಿನಿಂದ ಈ ಪಾತ್ರಕ್ಕೆ ಪ್ರತ್ಯೇಕ ಪ್ರಶಸ್ತಿಯೂ ಇದೆ.

ಪ್ಲೇಆಫ್ ಬಂದಾಗ ಒಂಬತ್ತು-ಹತ್ತು ಜನರ ರೊಟೇಷನ್ ಏಳು-ಎಂಟಕ್ಕೆ ಇಳಿಯುವುದೇಕೆ? ವಿಶ್ರಾಂತಿ ಒಂದು ಕಾರಣ: 82 ಪಂದ್ಯಗಳ ಋತುವಿನಲ್ಲಿ ಎಷ್ಟೋ ಸಲ ಸತತ ಎರಡು ರಾತ್ರಿ ಆಡಬೇಕಾಗುತ್ತದೆ, ಪ್ಲೇಆಫಿನಲ್ಲಿ ಸಾಮಾನ್ಯವಾಗಿ ನಡುವೆ ಒಂದು ದಿನವಾದರೂ ಬಿಡುವಿರುತ್ತದೆ. ಇದಕ್ಕಿಂತ ದೊಡ್ಡ ಕಾರಣ ಎದುರಾಳಿ. ಏಳು ಪಂದ್ಯಗಳವರೆಗೆ ಅದೇ ತಂಡ ಎದುರಿಗಿರುವುದರಿಂದ, ನಿಮ್ಮ ಎಂಟನೆಯ ಆಟಗಾರ ರಕ್ಷಣೆಯಲ್ಲಿ ಬಡವನೆಂದು ಗೊತ್ತಾದ ಕ್ಷಣದಿಂದ, ಎದುರಾಳಿಗಳು ಅವನು ಕಾವಲಿರುವ ತಮ್ಮ ಆಟಗಾರನನ್ನೇ ಕರೆಸಿ ಸ್ಕ್ರೀನ್ ಹಾಕಿಸಿ (ಅಂದರೆ ರಕ್ಷಕನ ದಾರಿಗೆ ಅಡ್ಡ ನಿಲ್ಲಿಸಿ), ತಮ್ಮ ಅತ್ಯುತ್ತಮ ಆಟಗಾರನ ಮುಂದೆ ಅವನೇ ನಿಲ್ಲುವಂತೆ ಮಾಡಿ, ಪ್ರತಿ ಸಲವೂ ಅದೇ ಬಾಗಿಲನ್ನು ತಟ್ಟುತ್ತಾರೆ. ಋತುವಿಡೀ ಪಂದ್ಯಕ್ಕೆ ಹದಿನೈದು ಅಂಕ ಹೊಡೆದವನು ಮೇ ತಿಂಗಳಲ್ಲಿ ಬೆಂಚಿನ ತುದಿಗೆ ಸರಿಯುವುದು ಹೀಗೆ. ಅಭಿಮಾನಿಗಳು ಅವನ ಅಂಕಗಳನ್ನು ನೆನೆಯುತ್ತಾರೆ; ಅವನಿಂದ ಸೋರಿದ ಅಂಕ ಯಾರ ಹೆಸರಿನಲ್ಲೂ ದಾಖಲಾಗುವುದಿಲ್ಲ.

2015ರ ಫೈನಲ್ಲನ್ನು ಇದರ ಜೊತೆಗೆ ಓದಿಕೊಳ್ಳಬೇಕು. ಕ್ಲೀವ್‌ಲೆಂಡ್ ಎದುರು 1–2ರಿಂದ ಹಿಂದಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್, ನಾಲ್ಕನೇ ಪಂದ್ಯಕ್ಕೆ ಎತ್ತರದ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿ, ಆ ಋತುವಿನ ಲೀಗ್ ಪಂದ್ಯಗಳಲ್ಲಿ ಒಮ್ಮೆಯೂ ಆರಂಭದಲ್ಲಿ ಇಳಿಯದ ಆಂಡ್ರೆ ಇಗುಡಾಲನನ್ನು ಮೊದಲ ಐವರಲ್ಲಿ ಇಳಿಸಿತು. ಎದುರಾಳಿ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಟಿಮೊಫೆ ಮೋಜ್ಗೊವ್ ಆ ದಿನ 28 ಅಂಕ ಹೊಡೆದ, ಅಂದರೆ ಎತ್ತರ ಬಿಟ್ಟುಕೊಟ್ಟದ್ದಕ್ಕೆ ತೆತ್ತ ಬೆಲೆ ಕಣ್ಣಿಗೆ ಕಾಣುವಂತೆಯೇ ಇತ್ತು. ಆದರೂ ವಾರಿಯರ್ಸ್ 103–82ರಿಂದ ಗೆದ್ದಿತು. ಮುಂದಿನ ಪಂದ್ಯದಲ್ಲಿ ವಾರಿಯರ್ಸ್ ವೇಗಕ್ಕೆ ಹೊಂದಲೆಂದು ಕ್ಲೀವ್‌ಲೆಂಡ್ ತಾನೇ ಮೋಜ್ಗೊವ್‌ನನ್ನು ಹೆಚ್ಚು ಹೊತ್ತು ಕೂರಿಸಿತು. ಒಂದು ತಂಡದ ಬದಲಾವಣೆ ಇನ್ನೊಂದರ ರೊಟೇಷನ್ನನ್ನು ಕೆಡಿಸುವುದೆಂದರೆ ಇದು. ಸರಣಿ 4–2ರಲ್ಲಿ ಮುಗಿಯಿತು, ಇಗುಡಾಲ ಫೈನಲ್ಲಿನ ಶ್ರೇಷ್ಠ ಆಟಗಾರನಾದ.

ಇನ್ನು ನಾನು ಟಿಪ್ಪಣಿ ಮಾಡುವ ರೀತಿ. ಗ್ರಾಫ್ ಪುಸ್ತಕದಲ್ಲಿ ಅಡ್ಡಕ್ಕೆ 48 ಚೌಕ, ಎಡಕ್ಕೆ ಆಟಗಾರರ ಹೆಸರು. ಯಾರು ಯಾವ ನಿಮಿಷ ಅಂಕಣದಲ್ಲಿದ್ದರೋ ಆ ಚೌಕಗಳ ಮೇಲೆ ಪೆನ್ಸಿಲ್ ಗೆರೆ. ನಾಲ್ಕು ಪಂದ್ಯ ಹೀಗೆ ಗುರುತಿಸಿದರೆ ಸಾಕು, ಮುಖ್ಯ ಆಟಗಾರನ ಗೆರೆ ಎರಡನೇ ಮತ್ತು ನಾಲ್ಕನೇ ಕ್ವಾರ್ಟರಿನ ಆರಂಭದಲ್ಲಿ ತುಂಡಾಗುವುದು ಕಾಣುತ್ತದೆ. ಬೆಂಚಿನ ಬೆಲೆ ತಿಳಿಯುವುದು ಆ ತುಂಡಾದ ಜಾಗದಲ್ಲಿ.

2025ರ ಫೈನಲ್ಲಿನ ಮೂರನೇ ಪಂದ್ಯದಲ್ಲಿ ಇಂಡಿಯಾನಾ ಪೇಸರ್ಸ್ ಬೆಂಚ್ 49 ಅಂಕ ಗಳಿಸಿತು, ಒಕ್ಲಹೋಮ ಸಿಟಿ ಥಂಡರ್ ಬೆಂಚ್ 18. ಬೆನೆಡಿಕ್ಟ್ ಮ್ಯಾಥುರಿನ್ ಒಬ್ಬನೇ 22 ನಿಮಿಷದಲ್ಲಿ 27 ಹೊಡೆದ, ಟಿ.ಜೆ. ಮೆಕಾನೆಲ್ ಚೆಂಡನ್ನು ಐದು ಸಲ ಕಸಿದ. ಅಂದು ನಮ್ಮ ವಾದ ಮಧ್ಯಾಹ್ನದ ಊಟದವರೆಗೂ ನಡೆಯಿತು: ಮ್ಯಾಥುರಿನ್ ಆರಂಭದಿಂದಲೇ ಆಡಬೇಕಲ್ಲವೇ? ನಾನು ಬೇಡವೆಂದೆ. ಎದುರಾಳಿಯ ಮುಖ್ಯ ರಕ್ಷಕರು ದಣಿದೋ ಬೆಂಚಿನಲ್ಲಿ ಕುಳಿತೋ ಇರುವ ಹೊತ್ತಿನಲ್ಲಿ ಚೆಂಡು ಅವನ ಕೈಗೆ ಹೆಚ್ಚು ಸಿಗುತ್ತದೆ. ಆರಂಭದ ಐವರಲ್ಲಿ ಸೇರಿಸಿದರೆ ಅದೇ ಚೆಂಡಿಗಾಗಿ ಅವನು ಸರದಿ ಕಾಯಬೇಕು. ನನ್ನ ಮಾತನ್ನು ಅಂದು ಒಬ್ಬರೂ ಒಪ್ಪಲಿಲ್ಲ.

ವಾದದಲ್ಲಿ ತಪ್ಪದೆ ಬರುವ ಪ್ಲಸ್-ಮೈನಸ್ ಬಗ್ಗೆ ಒಂದು ಎಚ್ಚರಿಕೆ. ಆಟಗಾರ ಅಂಕಣದಲ್ಲಿದ್ದಾಗ ತನ್ನ ತಂಡ ಗಳಿಸಿದ ಅಂಕದಿಂದ ಎದುರಾಳಿಯ ಅಂಕ ಕಳೆದರೆ ಬರುವ ಸಂಖ್ಯೆ ಅದು. ಬೆಂಚಿನವನು ತಾರೆಯ ಪಕ್ಕದಲ್ಲಿ ಆರು ನಿಮಿಷ ಓಡಾಡಿದರೂ ಅವನ ಹೆಸರಿಗೆ ಪ್ಲಸ್ ಬೀಳಬಹುದು. ಗ್ರಾಫಿನಲ್ಲಿ ಅವನ ಗೆರೆಯ ಮೇಲೂ ಕೆಳಗೂ ಯಾರ ಗೆರೆಗಳಿವೆ ಎಂದು ನೋಡದೆ ಆ ಸಂಖ್ಯೆಯನ್ನು ಓದಬೇಡಿ.

2025ರ ಅದೇ ಫೈನಲ್ಲಿನ ನಾಲ್ಕನೇ ಪಂದ್ಯಕ್ಕೆ ಥಂಡರ್ ಕೋಚ್, ಫೈನಲ್ಲಿಗೆಂದು ಆರಂಭದಲ್ಲಿ ಇಳಿಸುತ್ತಿದ್ದ ಕೇಸನ್ ವಾಲೇಸ್‌ನನ್ನು ಬೆಂಚಿಗೆ ಕಳಿಸಿ ಎತ್ತರದ ಐಸಾಯಾ ಹಾರ್ಟನ್‌ಸ್ಟೈನ್‌ನನ್ನು ಮರಳಿ ತಂದರು. ಬೆಂಚಿನಿಂದ ಬಂದ ಅಲೆಕ್ಸ್ ಕರೂಸೊ 20 ಅಂಕ ಹೊಡೆದ, ಥಂಡರ್ 111–104ರಿಂದ ಗೆದ್ದು ಸರಣಿಯನ್ನು 2–2ಕ್ಕೆ ತಂದಿತು, ಮುಂದೆ 4–3ರಲ್ಲಿ ಪ್ರಶಸ್ತಿಯನ್ನೂ ಪಡೆಯಿತು. ಅಂದು ಹತ್ತು ನಿಮಿಷದ ಗೆಳೆಯರು ಚಹಾ ಆರುವವರೆಗೂ ನನ್ನ ಗ್ರಾಫ್ ಪುಸ್ತಕ ಹಿಡಿದು ಕೂತಿದ್ದರು. ಮ್ಯಾಥುರಿನ್‌ಗೆ ಹತ್ತು ಚೌಕ ಕೊಡಲು ಯಾರ ಗೆರೆಯನ್ನು ಅಳಿಸುವುದೆಂದು ಅವರು ಇನ್ನೂ ಹೇಳಿಲ್ಲ.