ಬಿಸಿ ಹೆಚ್ಚಾಗದೆ ಕಲ್ಲು ಕರಗುವುದು ಹೇಗೆ? ಜ್ವಾಲಾಮುಖಿ ಪಾಠದ ನನ್ನ ಟಿಪ್ಪಣಿ

ಫಲಕಗಳ ಗಡಿ, ಪೆಸಿಫಿಕ್ ಸುತ್ತಲಿನ ಬೆಂಕಿಯ ಉಂಗುರ, ಜೀವಂತ-ಸುಪ್ತ-ನಂದಿದ ಎಂಬ ವಿಂಗಡಣೆ ಎಲ್ಲರಿಗೂ ಬರುತ್ತದೆ, ಬಿಟ್ಟಿದ್ದೇನೆ. ನಾನು ಎರಡು ವಾರ ಸಿಕ್ಕಿಕೊಂಡದ್ದು ಒಂದೇ ಪ್ರಶ್ನೆಯಲ್ಲಿ: ಶಿಲಾಪಾಕ, ಅಂದರೆ ನೆಲದಡಿಯ ಕರಗಿದ ಕಲ್ಲು, ಹುಟ್ಟುವುದು ಹೇಗೆ?

ನೆಲದಡಿ ಲಾವಾದ ಸಮುದ್ರವಿದೆ, ಎಲ್ಲೋ ತೂತು ಬಿದ್ದರೆ ಚಿಮ್ಮುತ್ತದೆ ಎಂದುಕೊಂಡಿದ್ದೆ. ಅದು ತಪ್ಪು. ಭೂಮಿಯ ಹೊರಚಿಪ್ಪಿನ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗಿನ ಪದರವಾದ ಮ್ಯಾಂಟಲ್ ಬಹುಪಾಲು ಘನ ಕಲ್ಲು. ದ್ರವದಲ್ಲಿ ಸಾಗಲಾರದ ಭೂಕಂಪದ ಎಸ್-ಅಲೆಗಳು ಅದರೊಳಗೆ ಹಾದುಹೋಗುತ್ತವೆ, ಅದೇ ಸಾಕ್ಷಿ.

ಹಾಗಾದರೆ ಈ ಕಲ್ಲಿಗೆ ಹೊಸದಾಗಿ ಬಿಸಿ ಕೊಡುವವರು ಯಾರು? ಯಾರೂ ಇಲ್ಲ. ಒತ್ತಡ ಕಡಿಮೆಯಾದರೆ ಸಾಕು, ಕರಗುತ್ತದೆ. ಈ ಸಾಲನ್ನು ಹತ್ತು ಸಲ ಓದಿದರೂ ತಲೆಗೆ ಹೋಗಲಿಲ್ಲ. ಕಾರಣ ಪಿಯುಸಿ ಭೌತಶಾಸ್ತ್ರ: ಮಂಜುಗಡ್ಡೆಯನ್ನು ಒತ್ತಿದರೆ ಕರಗುತ್ತದೆ ಎಂದು ಕಲಿತಿದ್ದೆ, ಕಲ್ಲೂ ಹಾಗೆಯೇ ಇರಬೇಕೆಂದು ನಂಬಿದ್ದೆ. ಆದರೆ ಮಂಜುಗಡ್ಡೆ ಕರಗಿದಾಗ ಕುಗ್ಗುತ್ತದೆ, ಕಲ್ಲು ಕರಗಿದಾಗ ಹಿಗ್ಗುತ್ತದೆ. ಸುತ್ತಲಿಂದ ಅದುಮಿ ಹಿಡಿದರೆ ಹಿಗ್ಗಲು ಜಾಗವೆಲ್ಲಿ? ಅದಕ್ಕೇ ಆಳಕ್ಕೆ ಹೋದಷ್ಟೂ ಕರಗುವ ಬಿಂದು ಏರುತ್ತದೆ.

ಅರ್ಥವಾದದ್ದು ಅಡುಗೆಮನೆಯಲ್ಲಿ. ತೊಗರಿ ಬೇಳೆ ಇಟ್ಟ ಕುಕ್ಕರಿನ ಒಲೆ ಆರಿಸಿದ್ದ ಅವ್ವ, "ಗಾಳಿ ಹೋಗೋತನ ಮುಚ್ಚಳ ಮುಟ್ಟಬ್ಯಾಡ" ಅಂದಳು. ಒಳಗೆ ನೀರು ಸುಮಾರು 120 ಡಿಗ್ರಿಯಲ್ಲಿದ್ದರೂ ಒತ್ತಡ ಅದನ್ನು ಹಿಡಿದಿಟ್ಟಿದೆ. ಒತ್ತಡ ಒಮ್ಮೆಲೇ ಬಿಟ್ಟರೆ, ಕೆಳಗೆ ಬೆಂಕಿ ಇಲ್ಲದಿದ್ದರೂ ಕುದಿದು ಉಕ್ಕುತ್ತದೆ. ಅಲ್ಲಿ ಕುದಿಯುವುದು, ಇಲ್ಲಿ ಕರಗುವುದು, ತತ್ವ ಒಂದೇ.

ಈಗ ಅಂಕಿಗಳನ್ನು ಹಾಕಿ ನೋಡೋಣ. 100 ಕಿ.ಮೀ. ಆಳದಲ್ಲಿ ಒಣ ಮ್ಯಾಂಟಲ್ ಕಲ್ಲು ಕರಗಲು ಶುರುವಾಗಬೇಕಾದರೆ 1,450 ಡಿಗ್ರಿಗೂ ಹೆಚ್ಚು ಬೇಕು. ಅಲ್ಲಿ 1,400 ಡಿಗ್ರಿಯಲ್ಲಿರುವ ಕಲ್ಲು ಘನವೇ. ಅದು ನಿಧಾನವಾಗಿ 50 ಕಿ.ಮೀ.ಗೆ ಏರಿತೆನ್ನಿ. ದಾರಿಯಲ್ಲಿ ತಣಿಯುವುದು ಇಪ್ಪತ್ತು-ಮೂವತ್ತು ಡಿಗ್ರಿಯಷ್ಟೆ. ಆದರೆ ಅಲ್ಲಿ ಕರಗುವ ಬಿಂದು ಸುಮಾರು 1,300ಕ್ಕೆ ಇಳಿದಿದೆ. ಕಲ್ಲು ತಣ್ಣಗಾಗುತ್ತಲೇ ಕರಗತೊಡಗಿತು! ಪೂರ್ತಿ ಅಲ್ಲ, ಒಂದು ಪಾಲು. ಆ ಪಾಲೇ ಬಸಾಲ್ಟ್ ಶಿಲಾಪಾಕ, ಆರಿದರೆ ಬಸಾಲ್ಟ್ ಎಂಬ ಕರಿ ಕಲ್ಲು.

ಇನ್ನೊಂದು ದಾರಿ ನೀರು. ಸಾಗರ ಫಲಕ ಕೆಳಗೆ ಜಾರುವಾಗ ಬಿಡುವ ನೀರು ಮೇಲಿನ ಮ್ಯಾಂಟಲಿನ ಕರಗುವ ಬಿಂದುವನ್ನು ಇಳಿಸುತ್ತದೆ. ಜಪಾನ್, ಇಂಡೋನೇಷ್ಯಾ, ನಮ್ಮ ಅಂಡಮಾನಿನ ಬ್ಯಾರನ್ ದ್ವೀಪ ಈ ಬಗೆಯವು.

ಸ್ಫೋಟದ ಜೋರು ನಿರ್ಧಾರವಾಗುವುದು ಅನಿಲ ಮತ್ತು ಸಿಲಿಕಾದಿಂದ. ಸಿಲಿಕಾ 50% ಆಸುಪಾಸು ಇದ್ದರೆ ಪಾಕ ತೆಳು, ಗುಳ್ಳೆ ಸುಲಭವಾಗಿ ಹೊರಬೀಳುತ್ತದೆ, ಲಾವಾ ಹರಿಯುತ್ತದೆ. 70% ಮುಟ್ಟಿದರೆ ಅಂಟು ಪಾಕ. ಗುಳ್ಳೆ ಒಳಗೇ ಸಿಕ್ಕಿ ಸಿಡಿಯುತ್ತದೆ. 1991ರಲ್ಲಿ ಸ್ಫೋಟಿಸಿದ ಫಿಲಿಪ್ಪೀನ್ಸಿನ ಪಿನಟುಬೊ ಈ ಸಿಡಿಯುವ ಗುಂಪಿಗೆ ಸೇರಿದ್ದು.

ನಮ್ಮದು ತೆಳು ಪಾಕದ ನಾಡು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಡಿತು. ಇಂದು ಉಳಿದಿರುವ ದಖ್ಖನ್ ಟ್ರ್ಯಾಪ್ ಸುಮಾರು 5 ಲಕ್ಷ ಚದರ ಕಿ.ಮೀ. "ಬೆಟ್ಟ ಎಲ್ಲಿದೆ?" ಎಂದು ಹುಡುಕಬೇಡಿ, ಶಂಕುವೇ ಕಟ್ಟಲಿಲ್ಲ. ಆಳಂದದ ಎರೆ ಹೊಲ ಆ ಬಸಾಲ್ಟ್ ಸವೆದು ಆದದ್ದು. ಬೀದರ್ ಕೋಟೆಯ ಕೆಂಪು ಜಂಬಿಟ್ಟಿಗೆ ಕಲ್ಲೂ ಅದೇ ಬಸಾಲ್ಟಿನ ಮಗು. ಶಹಾಬಾದ್ ಕಲ್ಲನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅದು ಸುಣ್ಣದಕಲ್ಲು, ನೀರಿನಡಿ ಕೂತ ಕೆಸರು. ಬಹುಆಯ್ಕೆ ಪ್ರಶ್ನೆಯಲ್ಲಿ ನಾನು ಅಂಕ ಕಳೆದುಕೊಂಡದ್ದು ಇಲ್ಲೇ.

ಕಳೆದ ವಾರ ಆಳಂದದ ಕಡೆ ಸಂಬಂಧಿಕರ ಹೊಲದ ಬಾವಿಗೆ ಇಳಿದು ನೋಡಿದೆ. ಕೆಳಗೆ ಗಟ್ಟಿ ಕರಿ ಕಲ್ಲು. ಮೇಲೆ ಹೋದಂತೆ ತೂತು ತೂತು, ಒಳಗೆ ಬಾದಾಮಿಯಷ್ಟು ಬಿಳಿ ಹರಳು. ಹೊರಬೀಳಲಾಗದ ಅನಿಲದ ಗುಳ್ಳೆಗಳಲ್ಲಿ ಆಮೇಲೆ ಖನಿಜ ತುಂಬಿಕೊಂಡಿದೆ. ಅಂದರೆ ಅದು ಒಂದು ಹರಿವಿನ ನೆತ್ತಿ. ಅದರ ಮೇಲೆ ಗೇಣುದ್ದ ಕೆಂಪು ಮಣ್ಣಿನ ಪಟ್ಟಿ, ಮತ್ತೆ ಗಟ್ಟಿ ಕರಿ ಕಲ್ಲು. ಆ ಒಂದು ಗೇಣು, ಮುಂದಿನ ಲಾವಾ ಬರುವತನಕ ನೆಲ ಬಿಸಿಲು-ಮಳೆಗೆ ಬಿದ್ದಿದ್ದ ಕಾಲ.